ಕೆಟ್ಟ ಕಾರಿನ ಪೆಟ್ರೋಲು

ಕರುಣಾಕರನ್ ಕಾರು ಕೊಡುವುದಿಲ್ಲ ಎಂದು ಹೇಳಲು ಪೂರ್ತಿ ತಯಾರಾಗಿ ಜಗಲಿಗೆ ಬಂದಿದ್ದ. ಆದರೆ ಪಕ್ಕದ ಮನೆಯ ಗ್ರೀಷ್ಮ ಕೇಳಿದ್ದು ಕಾರನ್ನಲ್ಲ, ಪೆಟ್ರೋಲನ್ನು. ಗೇಟಿನ ಹೊರಗೆ ಜಯನ್‌ನ ಆಟೋ ನಿಂತಿತ್ತು. ಅದರ ಮುಂಗಾಜಿಗೆ ‘ಆಸ್ಪತ್ರೆ’ ಎಂದು ಮಲಯಾಳದಲ್ಲಿ ಬರೆದ ಹಾಳೆ ಅಂಟಿಸಿತ್ತು. ಹರ್ತಾಲಿನ ದಿನ ಆ ಹಾಳೆಯಿಲ್ಲದೆ ರಸ್ತೆಗಿಳಿದರೆ ತಡೆದು ನಿಲ್ಲಿಸುತ್ತಾರೆ. ಹಿಂದಿನ ಸೀಟಿನಲ್ಲಿ ತಲೆಗೆ ಟವೆಲು ಸುತ್ತಿಕೊಂಡು ಗ್ರೀಷ್ಮಳ ಅಪ್ಪ ಮಾಧವನ್ ಕುಳಿತಿದ್ದ, ಮುಖವನ್ನು ಬೇಕೆಂದೇ ಹೊಳೆಯ ಕಡೆಗೆ ತಿರುಗಿಸಿಕೊಂಡು. ಇವತ್ತು ಅವನ ಡಯಾಲಿಸಿಸ್ ದಿನ ಎಂಬುದನ್ನು ಕೊಳವಳ್ಳಿಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಬರುವುದನ್ನು ಕಿಟಕಿಯಿಂದ ಕಂಡಾಗಲೇ ಕರುಣಾಕರನ್ ಕಾರಣಗಳನ್ನು ಜೋಡಿಸಿಕೊಂಡಿದ್ದ. ಇನ್ಶೂರೆನ್ಸ್ ಮುಗಿದಿದೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಡಾಕ್ಟರು ಓಡಿಸಬೇಡಿ ಅಂದಿದ್ದಾರೆ. ಹೆಂಡತಿಯ ತಮ್ಮ ಯಾವ ಗಳಿಗೆಯಲ್ಲಾದರೂ ಬಂದು ಕಾರು ಒಯ್ಯುವವನಿದ್ದಾನೆ. ಮಂಚದಿಂದ ಜಗಲಿಗೆ ಬರುವಷ್ಟರಲ್ಲಿ ಇವುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದೂ ತೀರ್ಮಾನವಾಗಿತ್ತು. ಒಂದನ್ನೂ ಬಳಸುವ ಅವಕಾಶ ಸಿಗಲಿಲ್ಲ.

“ಮಾವ, ನಿಮ್ ವಂಡೀಲಿ ಪೆಟ್ರೋಲ್ ಇದ್ರೆ ಒಸಿ ಕೊಡಾಕಾಯ್ತದಾ? ಜಯಣ್ಣನ ಆಟೋದಲ್ಲಿ ಇರಾದು ಪುಲ್ಪಳ್ಳಿ ಗಂಟ ಸಾಕು. ಅಲ್ಲಿಂದ ಬತ್ತೇರಿ ಆಸ್ಪತ್ರೆಗೆ ಸಾಲಕ್ಕಿಲ್ಲ. ಪಂಪೆಲ್ಲ ಮುಚ್ಚವ್ರೆ.”

“ಪೆಟ್ರೋಲಾ?” ಎಂದ ಕರುಣಾಕರನ್. ತನ್ನ ದನಿಯಲ್ಲಿ ನಿರಾಸೆ ಇದ್ದದ್ದು ಅವನಿಗೇ ಕೇಳಿಸಿತು. ಹಸುವಿದ್ದ ಮನೆಗೆ ಬಂದು ಸಗಣಿ ಕೇಳಿದ ಹಾಗಿತ್ತು. ಅಂಗಳದ ಪಕ್ಕದ ಶೆಡ್ಡಿನಲ್ಲಿ ಬಿಳಿ ಕಾರು ಹೊದಿಕೆ ಹೊದ್ದು ನಿಂತಿದೆ, ಪ್ರತಿ ಭಾನುವಾರ ತಾನು ಬಕೆಟ್ಟು ಹಿಡಿದು ಅದನ್ನು ತೊಳೆಯುವುದನ್ನು ಇಡೀ ಓಣಿ ನೋಡುತ್ತದೆ. ಹಾಗಿದ್ದೂ ಈ ಹುಡುಗಿ ಕಾರು ಕೇಳಲಿಲ್ಲವೆಂದರೆ ಅದಕ್ಕೆ ಎರಡೇ ಕಾರಣ. ಕಾರು ಓಡುವುದಿಲ್ಲವೆಂದು ಅವಳಿಗೆ ಗೊತ್ತಿರಬೇಕು. ಇಲ್ಲವೇ ಓಡಿದರೂ ತಾನು ಕೊಡುವವನಲ್ಲ ಎಂದು ಗೊತ್ತಿರಬೇಕು. ಎರಡರಲ್ಲಿ ಯಾವುದು ಹೆಚ್ಚು ಅವಮಾನವೆಂದು ತಿಳಿಯದೆ ಅವನು ಗಾಬರಿಯಾದ. ಆ ಗಾಬರಿಯಲ್ಲೇ, ಯಾರೂ ಕೇಳದಿದ್ದ ಒಂದು ಮಾತನ್ನು ಹೇಳಿಬಿಟ್ಟ. “ಇಲ್ದೆ ಏನು? ಮೊನ್ನೆ ತಾನೆ ಪುಲ್ಪಳ್ಳಿಗೆ ಹೋಗಿ ತುಂಬ್ಸ್ಕೊಂಡ್ ಬಂದಿವ್ನಿ.” ಗ್ರೀಷ್ಮ ಕೈಯಲ್ಲಿದ್ದ ಖಾಲಿ ಬಾಟಲಿಯನ್ನು ಮುಂದೆ ಚಾಚಿದಳು. ಅದು ಪಾರದರ್ಶಕ ಬಾಟಲಿಯಾಗಿತ್ತು. ಅದು ಬೇಡ, ನನ್ನ ಹತ್ತಿರ ಒಳ್ಳೆ ಕ್ಯಾನಿದೆ ಎಂದು ಕರುಣಾಕರನ್ ಒಳಗೆ ಹೋಗಿ, ಔಷಧಿ ಹೊಡೆಯುವಾಗ ನೀರಿಗೆ ಬಳಸುವ ನೀಲಿ ಕ್ಯಾನನ್ನು ತಂದ.

ಆ ಕಾರು ಮೊದಲು ಕೆಟ್ಟದ್ದು ಕರುಣಾಕರನ್‌ನ ಬಾಯಲ್ಲಿ. ಶೆಡ್ಡಿನಲ್ಲಿ ಕೆಟ್ಟದ್ದು ಆಮೇಲೆ. ಹೊಳೆಯಾಚೆಯ ಸೀಮೆಯಿಂದ ಎಂದೋ ದಾಟಿ ಬಂದು ನೆಲೆನಿಂತ ಅವರ ಮನೆಗಳಲ್ಲಿ ಒಂದು ಪದ್ಧತಿಯಿದೆ. ಮದುಮಗ ದೋಣಿಯಿಂದ ಇಳಿದ ಮೇಲೆ ಕಡವಿನಿಂದ, ಆ ದೋಣಿಗಟ್ಟೆಯಿಂದ, ಚಪ್ಪರದ ತನಕ ಅವನನ್ನು ಹೆಣ್ಣಿನ ಮನೆಯವರ ಬಂಡಿಯಲ್ಲಿ ತರುವಂತಿಲ್ಲ, ಬಾಡಿಗೆ ಬಂಡಿಯಲ್ಲೂ ತರುವಂತಿಲ್ಲ. ನೆರೆಮನೆಯ ಬಂಡಿಯೇ ಹೋಗಬೇಕು. ನೆರೆಯವನು ಬಂಡಿ ಕಟ್ಟಿದನೆಂದರೆ ಆ ಮನೆಯ ಬಗ್ಗೆ ಊರಿನಲ್ಲಿ ಯಾರಿಗೂ ತಕರಾರಿಲ್ಲವೆಂದು ಗಂಡಿನವರು ತಿಳಿಯಬೇಕು. ಎತ್ತುಗಳು ಹೋಗಿ ಕಾರು ಬಂದರೂ ಪದ್ಧತಿ ಹೋಗಲಿಲ್ಲ. ಗ್ರೀಷ್ಮಳ ಮದುವೆಗೆ ಮಾಧವನ್ ಕುಂಕುಮದ ತಟ್ಟೆ ಹಿಡಿದು ಕರೆಯಲು ಬಂದಾಗ ಊರೆಲ್ಲ ಸುತ್ತಿ ಸಾಕಾಗಿತ್ತು. ಕಡೆಯ ಮನೆಯೆಂದು ಕೂರಲೂ ಇಲ್ಲ, ಮೆಟ್ಟಿಲ ಮೇಲೆ ನಿಂತೇ, “ಕರ್ಣ, ವಂಡೀನ ತೊಳ್ದು ಮಡ್ಗಿರು” ಎಂದು ಹೊರಟುಹೋದ. ತೊಳೆದು ಮಡಗಿರು. ಡ್ರೈವರನಿಗೆ ಹೇಳುವ ಮಾತು. ಕರುಣಾಕರನ್ ಆ ರಾತ್ರಿ ಉಣ್ಣುವಾಗ ಅದನ್ನು ಅನ್ನದ ಜೊತೆ ಅಗಿದ, ಮಾರನೆಯ ದಿನವೂ ಅಗಿದ, ಮದುವೆಯ ಹಿಂದಿನ ದಿನ ಚಪ್ಪರದ ಹತ್ತಿರ ಹೋಗಿ ನಾಲ್ಕು ಜನರೆದುರಿಗೆ, ವಂಡಿ ಕೆಟ್ಟುಹೋಗಿದೆ, ಓಡುವುದಿಲ್ಲ ಎಂದ. ಮದುಮಗ ರೇಷ್ಮೆ ಪಂಚೆಯನ್ನು ಮೊಳಕಾಲಿನವರೆಗೆ ಎತ್ತಿ ಹಿಡಿದು, ಗದ್ದೆಯ ಬದುವಿನ ಕೆಸರಿನಲ್ಲಿ ನಡೆದು ಬಂದ. ಈ ಊರಿನಲ್ಲಿ ನೆರೆಹೊರೆ ಅಂತ ಯಾರೂ ಇಲ್ಲವಾ ಎಂದು ಗಂಡಿನ ಕಡೆಯ ಹಿರಿಯರೊಬ್ಬರು ದೊಡ್ಡ ದನಿಯಲ್ಲಿ ಕೇಳಿದ್ದು ಕರುಣಾಕರನ್‌ಗೆ ಕೇಳಿಸಿತು, ಏಕೆಂದರೆ ಅವನು ಆಗ ಶೆಡ್ಡಿನಲ್ಲಿ ಬಾನೆಟ್ಟು ಎತ್ತಿ, ಚೆನ್ನಾಗಿದ್ದ ಎಂಜಿನಿನೊಳಗೆ ಕೈ ತೂರಿಸಿ ನಿಂತಿದ್ದ. ಮೊಣಕೈವರೆಗೆ ಗ್ರೀಸು ಬಳಿದುಕೊಂಡಿದ್ದ. ಯಾರೂ ನೋಡಲು ಬರಲಿಲ್ಲ.

ಮದುವೆಯ ದಿನ ಕೆಟ್ಟಿದ್ದ ಕಾರು ಮರುದಿನವೇ ಓಡಿದರೆ ಚೆನ್ನಾಗಿರುವುದಿಲ್ಲ. ಒಂದು ವಾರ ಬಿಡೋಣವೆಂದುಕೊಂಡ. ವಾರ ಕಳೆದ ಮೇಲೆ, ಇಷ್ಟಕ್ಕೇ ಸರಿಹೋಯಿತೆಂದರೆ ಮದುವೆಗೆ ಮುಂಚೆಯೇ ಸರಿಮಾಡಿಸಬಹುದಿತ್ತಲ್ಲ ಎಂದು ಜನ ಕೇಳುತ್ತಾರೆ ಅನ್ನಿಸಿತು. ದೊಡ್ಡ ರಿಪೇರಿಯೇ ಇತ್ತು ಅನ್ನುವಷ್ಟು ಕಾಲ ಹೋಗಲಿ ಎಂದು ಮಳೆಗಾಲ ಮುಗಿಯುವ ತನಕ ಕಾದ. ಆಮೇಲೆ ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಕೀ ತಿರುಗಿಸಿದರೆ ಕಾರು ಸುಮ್ಮನಿತ್ತು. ಇಲಿ ವಯರು ತಿಂದಿತ್ತು, ಬ್ಯಾಟರಿ ಸತ್ತಿತ್ತು, ಬ್ರೇಕು ಗಾಲಿಗೆ ಕಚ್ಚಿಕೊಂಡಿತ್ತು. ಈಗ ಮೆಕ್ಯಾನಿಕ್ಕನ್ನು ಕರೆಸಿದರೆ ಅವನು ಪುಲ್ಪಳ್ಳಿಯ ಪೇಟೆಯಲ್ಲಿ ನಿಂತು, ಇದು ನಿಲ್ಲಿಸಿ ಕೆಟ್ಟ ಕಾರು, ಓಡಿ ಕೆಟ್ಟದ್ದಲ್ಲ ಎಂದು ಎಲ್ಲರಿಗೂ ಹೇಳುತ್ತಾನೆ. ಅಂದಿನಿಂದ ಕರುಣಾಕರನ್ ಕಾರು ಚೆನ್ನಾಗಿದೆ ಎಂದು ಹೇಳಲು ಶುರುಮಾಡಿದ. ಹೀಗೆ ಮೂರು ವರ್ಷವಾಯಿತು. ಕಾರು ಓಡುತ್ತಿದ್ದಾಗ ಅದು ಕೆಟ್ಟಿದೆ ಎಂದವನು, ಕೆಟ್ಟ ಮೇಲೆ ಅದು ಓಡುತ್ತದೆ ಎನ್ನುತ್ತಿದ್ದ; ಮಾಧವನ್‌ನ ಜೊತೆ ಮಾತು ನಿಂತದ್ದರಿಂದ ಎರಡಕ್ಕೂ ಎದುರು ಹೇಳುವವರು ಇರಲಿಲ್ಲ.

“ಪೈಪ್ ಕೊಡಿ ಚೇಟ್ಟ, ನಾನೇ ಎಳೀತೀನಿ. ನಂಗೆ ರೂಢಿ ಅದೆ,” ಎಂದು ಜಯನ್ ಶೆಡ್ಡಿನೊಳಗೆ ಬಂದ. ಮನೆ ಕಟ್ಟುವಾಗ ಮೇಸ್ತ್ರಿ ಮಟ್ಟ ನೋಡಲು ತಂದು ಬಿಟ್ಟುಹೋಗಿದ್ದ ಪ್ಲಾಸ್ಟಿಕ್ ಕೊಳವೆ ಕರುಣಾಕರನ್‌ನ ಕೈಯಲ್ಲಿತ್ತು. ಅವನು ಅದನ್ನು ಬಿಟ್ಟುಕೊಡಲಿಲ್ಲ. ನೀನು ಹೋಗಿ ಆಟೋ ತಿರುಗಿಸಿ ನಿಲ್ಲಿಸು, ಟ್ಯಾಂಕಿನ ಮುಚ್ಚಳ ತೆಗೆದಿಡು, ಹೊತ್ತಾಗುತ್ತದೆ ಎಂದು ಅವಸರಪಡಿಸಿ ಜಯನ್‌ನನ್ನು ಹೊರಗೆ ಕಳಿಸಿದ. ಹೊದಿಕೆಯನ್ನು ಹಿಂಬದಿಯಲ್ಲಿ ಮಾತ್ರ ಎತ್ತಿದ. ಗಾಲಿಗಳು ನೆಲಕ್ಕೆ ಕೂತಿರುವುದು ಕಾಣಬಾರದು. ಮುಚ್ಚಳ ತೆಗೆದಾಗ ಬಂದ ವಾಸನೆ ಪೆಟ್ರೋಲಿನದಲ್ಲ. ಹಳೆಯ ಬಾಗಿಲಿಗೆ ಬಳಿಯುವ ಬಣ್ಣದ ಡಬ್ಬಿಯನ್ನು ತೆರೆದಂತಿತ್ತು, ಅದರ ಜೊತೆಗೆ ಏನೋ ಹುಳಿ. ಕೊಳವೆಯನ್ನು ಒಳಗೆ ಇಳಿಸಿ ಇನ್ನೊಂದು ತುದಿಯನ್ನು ಬಾಯಿಗಿಟ್ಟು ಮಂಡಿಯೂರಿ ಎಳೆದ. ಅರವತ್ತು ದಾಟಿದವನು, ಕರಿಮೆಣಸಿನ ವ್ಯಾಪಾರದಲ್ಲಿ ಒಂದು ಹೆಸರು ಇರುವವನು, ತನ್ನದೇ ಕಾರಿನ ಹಿಂದೆ ಮಂಡಿಯೂರಿದ್ದಾನೆ. ಮೊದಲ ಸಲ ಗಾಳಿ ಬಂತು. ಎರಡನೆಯ ಸಲವೂ ಗಾಳಿ. ಮೂರನೆಯ ಸಲಕ್ಕೆ ಕೊಳವೆಯಲ್ಲಿ ಏರಿ ಬಂದದ್ದು ಕಟ್ಟಂಚಾಯದ ಬಣ್ಣದಲ್ಲಿತ್ತು, ಹಾಲಿಲ್ಲದ ಚಹಾದಷ್ಟೇ ಕಪ್ಪಗೆ. ನೋಡುತ್ತ ಮೈಮರೆತದ್ದಕ್ಕೆ ಬಾಯಿ ತುಂಬ ಬಂತು.

ಉಗುಳಿದ. ಮತ್ತೆ ಉಗುಳಿದ. ಕೊಳವೆಯಿಂದ ಅದು ಕ್ಯಾನಿನೊಳಗೆ ಹರಿಯತೊಡಗಿತು. ಅದೇನೆಂದು ಅವನಿಗೆ ಅನುಮಾನವೇ ಇರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. ಹೋದ ವರ್ಷ ಕಳೆ ಕೊಯ್ಯುವ ಮೆಷಿನ್ನಿಗೆ ಹಿಂದಿನ ಸಾಲಿನ ಪೆಟ್ರೋಲು ಹಾಕಿ ತೋಟಕ್ಕಿಳಿದಿದ್ದ. ಮೆಷಿನ್ನು ಎರಡು ಸಾಲು ಕೊಯ್ದು, ಮೂರನೆಯದರಲ್ಲಿ ಕೆಮ್ಮಿ, ನಿಂತು, ಆಮೇಲೆ ಏನು ಮಾಡಿದರೂ ಏಳಲಿಲ್ಲ. ಪುಲ್ಪಳ್ಳಿಯ ರಿಪೇರಿ ಅಂಗಡಿಯ ಸುಜೀಶ್ ಅದನ್ನು ಬಿಚ್ಚಿ, ಮೂಸಿ, ಇದು ಪೆಟ್ರೋಲಲ್ಲ ಕಷಾಯ ಎಂದು ನಕ್ಕಿದ್ದ. ಆ ಪೆಟ್ರೋಲಿಗೆ ಒಂದು ವರ್ಷ. ಇದಕ್ಕೆ ಮೂರು. ಮದುಮಗನನ್ನು ಕಡವಿನಿಂದ ಕರೆತರಲೆಂದು ತುಂಬಿಸಿದ ಪೆಟ್ರೋಲು ಇದು. ಕುಂಕುಮದ ತಟ್ಟೆ ಬರುವ ಮುಂಚೆಯೇ, ಯಾರೂ ಹೇಳದೆ, ಖುಷಿಯಿಂದ ಹೋಗಿ ತುಂಬಿಸಿಕೊಂಡು ಬಂದಿದ್ದ. ಇದನ್ನು ಆಟೋಗೆ ಹಾಕಿದರೆ ಅಲ್ಲಿರುವ ಒಳ್ಳೆಯದೂ ಕೆಡುತ್ತದೆ. ಪುಲ್ಪಳ್ಳಿಯ ತನಕ ಹೇಗೋ ಹೋಗಬಹುದು. ಅದು ದಾಟಿದರೆ ಬತ್ತೇರಿಯ ದಾರಿ ಕಾಡು. ಹರ್ತಾಲು ಕರೆದದ್ದೇ ಆ ದಾರಿಯಲ್ಲಿ ಆನೆ ತುಳಿದು ಸತ್ತ ಒಬ್ಬನಿಗಾಗಿ. ಮನುಷ್ಯರ ಗಾಡಿಗಳೆಲ್ಲ ನಿಂತಿವೆ, ಆನೆಗಳಿಗೆ ಹರ್ತಾಲಿಲ್ಲ. ಅಲ್ಲಿ ಆಟೋ ಕೆಮ್ಮಿ ನಿಂತರೆ ತಳ್ಳುವವರೂ ಇಲ್ಲ, ಹಿಂದೆ ಬರುವ ಬಸ್ಸೂ ಇಲ್ಲ. ಒಳಗೆ ಮಾಧವನ್, ಮುಖ ಊದಿಕೊಂಡು, ಕಾಲು ಊದಿಕೊಂಡು, ಒಂದು ದಿನ ತಪ್ಪಿದರೆ ಉಸಿರು ಕಟ್ಟುವ ಮಾಧವನ್.

ಹೇಳಿಬಿಡಬಹುದಿತ್ತು. ಗ್ರೀಷ್ಮ, ಈ ಪೆಟ್ರೋಲು ಹಳೇದು ಕಣವ್ವ. ಮಾತು ಚೆನ್ನಾಗಿಯೇ ಶುರುವಾಗುತ್ತದೆ. ಮೊನ್ನೆ ತಾನೆ ತುಂಬಿಸಿದೆ ಅಂದ್ರಲ್ಲ ಮಾವ? ಅಲ್ಲ, ಟ್ಯಾಂಕಿನಲ್ಲಿ ನೀರು ಸೇರಿಕೊಂಡಿದೆ. ಹಾಗಾದ್ರೆ ಮೊನ್ನೆ ಹೆಂಗೆ ಓಡ್ತು? ಎಲ್ಲಿಂದ ಹೊರಟರೂ ನಾಲ್ಕು ಹೆಜ್ಜೆಗೆ ಮಾತು ಚಪ್ಪರದ ಮುಂದೆ ಹೋಗಿ ನಿಲ್ಲುತ್ತಿತ್ತು, ರೇಷ್ಮೆ ಪಂಚೆ ಎತ್ತಿ ಹಿಡಿದು. ಮೊನ್ನೆ ತುಂಬಿಸಿದೆ ಎಂಬ ಸುಳ್ಳನ್ನು ಹೇಳದಿದ್ದರೆ ಏನಾದರೂ ದಾರಿಯಿತ್ತು. ಯಾರು ಕೇಳಿದ್ದರು ಅದನ್ನು? ಕರುಣಾಕರನ್‌ಗೆ ತನ್ನ ಬಾಯಿಯ ಮೇಲೆಯೇ ಸಿಟ್ಟು ಬಂತು. ಅದು ಈಗ ಪೆಟ್ರೋಲಿನಿಂದ ಉರಿಯುತ್ತಿರುವುದು ಸರಿಯಾಗಿಯೇ ಇದೆ ಅನ್ನಿಸಿತು. ಹಾಗೆ ನೋಡಿದರೆ ಆಟೋ ನಿಲ್ಲಲೇಬೇಕೆಂದೇನೂ ಇಲ್ಲ. ಹಳೆಯ ಆಟೋ, ಏನು ಹಾಕಿದರೂ ಕುಡಿಯುತ್ತದೆ. ಬಟ್ಟೆಯಲ್ಲಿ ಸೋಸಿ ಕೊಟ್ಟರೆ? ತಾನೂ ಜೊತೆಗೆ ಹೋದರೆ? ಹೋಗಿ, ಕಾಡಿನಲ್ಲಿ ನಿಂತಾಗ, ಅಯ್ಯೋ ಇದೇನಾಯಿತು ಎಂದು ಎಲ್ಲರಿಗಿಂತ ಮೊದಲು ಆಶ್ಚರ್ಯಪಟ್ಟರೆ? ಹೀಗೆಲ್ಲ ಯೋಚಿಸುತ್ತಿರುವಾಗ ಕೊಳವೆ ಗುಳುಗುಳು ಎಂದು ಗಾಳಿ ಎಳೆಯಿತು. ಮೂರು ವರ್ಷದಲ್ಲಿ ಆವಿಯಾಗಿ ಉಳಿದದ್ದು ಅಷ್ಟೇ, ಟ್ಯಾಂಕು ಬರಿದಾಗಿತ್ತು.

“ಮಾವ, ಬಾಯಿಗೆ ಹೋಯ್ತಾ?” ಗ್ರೀಷ್ಮ ಚೊಂಬು ಹಿಡಿದು ಬಂದಿದ್ದಳು. ಶೆಡ್ಡಿನ ಬಾಗಿಲ ಹತ್ತಿರವೇ ನಿಂತು ಚೊಂಬನ್ನು ಚಾಚಿದಳು. “ಮುಕ್ಕಳಿಸಿ ಉಗೀರಿ, ನುಂಗ್ಬೇಡಿ. ಜಯಣ್ಣಂಗೆ ಬುಡ್ಬಾರ್ದಾಗಿತ್ತಾ? ಅಪ್ಪನೂ ಅಲ್ಲಿಂದ ಓರೆಗಣ್ಣಲ್ಲೇ ನೋಡ್ತಾ ಕೂತವ್ರೆ. ‘ಅವ್ನೇ ಬಾಯಾಕಿ ಎಳೀತಾವ್ನಲ್ಲವ್ವಾ’ ಅಂದ್ರು.” ಅವಳ ದನಿಯಲ್ಲಿ ಹಂಗಿಸುವುದೇನೂ ಇರಲಿಲ್ಲ. ಮದುವೆಯಾಗಿ ಹೊಳೆಯಾಚೆ ಹೋದವಳು ಈಗ ಡಯಾಲಿಸಿಸ್ ಇರುವ ದಿನಗಳಲ್ಲೆಲ್ಲ ದೋಣಿ ಹತ್ತಿ ಬರುತ್ತಾಳೆ, ಅಪ್ಪನನ್ನು ಕರೆದೊಯ್ದು ತಂದು ಮಲಗಿಸಿ ಮತ್ತೆ ದೋಣಿ ಹತ್ತುತ್ತಾಳೆ. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಕರುಣಾಕರನ್ ನೀರು ಮುಕ್ಕಳಿಸಿದ. ಈ ಚೊಂಬು ನೀರಿಗಿಂತ ಅವಳು ನಾಲ್ಕು ಬೈದಿದ್ದರೆ ಹಗುರಾಗುತ್ತಿತ್ತು. ಕ್ಯಾನು ಎತ್ತಿಕೊಂಡು ನಡೆದ. ನಡೆಯುತ್ತಿರುವಾಗ, ಗೇಟಿನ ತನಕ ಇನ್ನೂ ಹೊತ್ತಿದೆ, ಅಷ್ಟರಲ್ಲಿ ಹೇಳಿಬಿಡುತ್ತೇನೆ ಎಂದು ತನಗೆ ತಾನೇ ಭರವಸೆ ಕೊಟ್ಟುಕೊಂಡ. ಜಯನ್ ಆಟೋದ ಟ್ಯಾಂಕಿಗೆ ಆಗಲೇ ಆಲಿಕೆ ಇಟ್ಟು ಕಾಯುತ್ತಿದ್ದ.

ಆಗ ಮಾಧವನ್ ಹೊಳೆಯ ಕಡೆಯಿಂದ ಮುಖ ತಿರುಗಿಸಿದ. ತಿರುಗಿಸಿ, ಎರಡು ಕೈಯಲ್ಲೂ ಸರಳು ಹಿಡಿದು, ಊದಿದ ಒಂದು ಕಾಲನ್ನು ಮೆಲ್ಲಗೆ ಹೊರಗೆ ಇಳಿಸಿದ. “ಕರ್ಣ,” ಎಂದ. ಮೂರು ವರ್ಷದ ಮೇಲೆ ಬಂದ ಆ ಹೆಸರು ಕರುಣಾಕರನ್‌ಗೆ ಎಷ್ಟು ಹಿತವಾಯಿತೆಂದರೆ ಅವನ ಕಣ್ಣು ಒದ್ದೆಯಾಯಿತು. ಅವನನ್ನು ಹಾಗೆ ಕರೆಯುವವರು ಬೇರೆ ಯಾರೂ ಬದುಕಿರಲಿಲ್ಲ. ಹುಡುಗರಾಗಿದ್ದಾಗ, ಬೇಸಿಗೆಯಲ್ಲಿ ನೀರು ಇಳಿದರೆ ಇಬ್ಬರೂ ಸಿನಿಮಾ ನೋಡಲು ಕಬಿನಿ ಈಜಿ ಬೈರಕುಪ್ಪೆಗೆ ಹೋಗುತ್ತಿದ್ದರು, ಅಂಗಿ ತಲೆಗೆ ಕಟ್ಟಿಕೊಂಡು. ನಡುಹೊಳೆಯಲ್ಲಿ ಮಾಧವನ್‌ಗೆ ಹೆದರಿಕೆಯಾಗುತ್ತಿತ್ತು, ಕರ್ಣಾ ಎಂದು ಕೂಗಿ ಇವನ ಹೆಗಲಿಗೆ ಕೈ ಹಾಕುತ್ತಿದ್ದ. “ಕರ್ಣ, ಒಳ್ಳೆ ಟೈಮಿಗೆ ಆದೆ ಕಣ. ಈ ಜೀವ ಇನ್ನೆಷ್ಟು ದಿನವೋ, ಹಳೇದೆಲ್ಲ ಮನ್ಸಲ್ಲಿ ಮಡಿಕಬ್ಯಾಡ.” ಮೂರು ವರ್ಷ ಕಾದದ್ದು ಈ ಮಾತಿಗೇ. ಕಾಯುತ್ತಿದ್ದೇನೆ ಎಂಬುದೂ ಗೊತ್ತಿಲ್ಲದೆ, ಪ್ರತಿ ಭಾನುವಾರ ಬಕೆಟ್ಟು ಹಿಡಿದು, ಮಾಧವನ್‌ನ ಮನೆಯ ಗೋಡೆಯ ಕಡೆ ಒಮ್ಮೆಯೂ ನೋಡದೆ ಕಾರು ತೊಳೆದದ್ದು ಇದಕ್ಕೇ. ಇನ್ನೇನು ಬೇಕು? ಕ್ಯಾನನ್ನು ಜಯನ್‌ನ ಕೈಗೆ ಕೊಟ್ಟರೆ ಆಯಿತು. ಕೊಟ್ಟು, ಆ ಊದಿದ ಕೈ ಹಿಡಿದುಕೊಂಡರೆ ಆಯಿತು. ಕಾಡಿನಲ್ಲಿ ಆಗುವುದು ಕಾಡಿನಲ್ಲಿ.

ಜಯನ್ ಕೈ ಚಾಚಿದ. ಕರುಣಾಕರನ್ ಕ್ಯಾನನ್ನು ಮುಂದೆ ನೀಡಿದ, ಮತ್ತು ಜಯನ್‌ನ ಬೆರಳು ಅದಕ್ಕೆ ತಾಗುವ ಮುಂಚೆ ಬಿಟ್ಟುಬಿಟ್ಟ. ಜಾರಿತೆಂದು ಆಮೇಲೆ ಅವನೂ ಹೇಳಬಹುದಿತ್ತು, ಆದರೆ ಜಾರಿದ್ದಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ್ದು ಅವನಿಗೇ ಕಾಣಿಸಿತು. ಕ್ಯಾನು ಅಡ್ಡ ಬಿದ್ದು ಗುಡುಗುಡು ಎಂದು ಸುರಿಯಿತು. ಎತ್ತಲು ಬಾಗಿದ ಜಯನ್‌ಗೆ ಅವನ ಕಾಲು ಅಡ್ಡ ಬಂತು, ಅದೂ ತಾನಾಗಿ ಬಂದದ್ದಲ್ಲ. ಕೆಂಪು ಮಣ್ಣು ಅದರ ಬಣ್ಣ ಯಾವುದೆಂದು ಕೇಳದೆ ಕುಡಿದುಬಿಟ್ಟಿತು. ಜನ ಏನೆಂದಾರು ಎಂದು ಯೋಚಿಸದೆ ಅವನು ಮೂರು ವರ್ಷದಲ್ಲಿ ಮಾಡಿದ ಮೊದಲ ಕೆಲಸ ಅದು. ಒಂದು ಕ್ಷಣ ಎದೆ ಹಗುರಾಗಿ, ಉಳಿಸಿಬಿಟ್ಟೆ ಎಂದು ಹೆಮ್ಮೆಯಾಗಿ, ಅವನು ತಲೆ ಎತ್ತಿ ಎಲ್ಲರನ್ನೂ ನೋಡಿದ. ಎಲ್ಲರೂ ಅವನನ್ನು ನೋಡುತ್ತಿದ್ದರು. ಇದು ನೋಡುವವರಿಗೆ ಹೇಗೆ ಕಾಣುತ್ತದೆ ಎಂಬುದು ಆಗ ಹೊಳೆಯಿತು.

“ಬೇಕಂತ್ಲೇ ಚೆಲ್ಲುದ್ರಿ,” ಎಂದ ಜಯನ್, ನಂಬಲಾಗದೆ. ಅಪ್ಪನ ಮುಖ ನೋಡಲಾರದೆ ಗ್ರೀಷ್ಮ ಕ್ಯಾನನ್ನು ನೆಟ್ಟಗೆ ನಿಲ್ಲಿಸಿದಳು. “ಟ್ಯಾಂಕಲ್ಲಿ ಇನ್ನೂ ಅದಾ ಮಾವ?” ಇಲ್ಲ ಎಂದ. ಹಾಗೆಂದ ಮೇಲೆ, ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲವೆಂದು ಅರಿವಾಗಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ. “ಅದು ಹಳೇ ಪೆಟ್ರೋಲ್ ಕಣವ್ವ, ಕೆಟ್ಟೋಗಿತ್ತು. ಹಾಕಿದ್ರೆ ನೀವು ಕಾಡಲ್ಲಿ ನಿಂತ್ಕತಿದ್ರಿ. ಮೊನ್ನೆ ತುಂಬ್ಸುದ್ದು ಸುಳ್ಳು. ವಂಡಿ ಕೆಟ್ಟದೆ. ಓಡಕ್ಕಿಲ್ಲ.” ಕಡೆಯ ಎರಡು ಮಾತು ಬಾಯಿಂದ ಹೊರಟಾಗಲೇ ಅವನ ಕಿವಿಗೆ ಪರಿಚಿತವಾಗಿ ಕೇಳಿಸಿದವು.

ಗ್ರೀಷ್ಮ ಕೂಗಲಿಲ್ಲ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, ದಣಿದ ದನಿಯಲ್ಲಿ, “ಅವತ್ತೂ ಇದೇ ಮಾತ್ನ ಹೇಳಿದ್ರಿ ಮಾವ,” ಎಂದಳು.

ಮಾಧವನ್ ಹೊರಗಿಟ್ಟಿದ್ದ ಕಾಲನ್ನು ಎರಡು ಕೈಯಲ್ಲೂ ಎತ್ತಿ ಒಳಗಿಟ್ಟುಕೊಂಡ. ಅದಕ್ಕೆ ತುಂಬ ಹೊತ್ತು ಹಿಡಿಯಿತು. “ಬುಡವ್ವ. ಜಯ, ತೆಗಿ ವಂಡೀನ. ಕಾಳನ್ ಬೈಕಲ್ಲಿ ಪೆಟ್ರೋಲ್ ಇದ್ರೆ ಕೇಳಾನ,” ಎಂದು ಮತ್ತೆ ಹೊಳೆಯ ಕಡೆಗೆ ತಿರುಗಿದ. ಓಣಿಯ ತಿರುವಿನಲ್ಲಿ ಹಾಡಿಯ ಕಾಳನ್ ಕೆಲಸವಿಲ್ಲದ ಹರ್ತಾಲಿನ ದಿನವನ್ನು ಮೋರಿಯ ಮೇಲೆ ಕೂತು ಕಳೆಯುತ್ತಿದ್ದ. ಕರುಣಾಕರನ್ ಗೇಟು ಹಿಡಿದು ನೋಡಿದ. ಆಟೋ ಅಲ್ಲಿ ನಿಂತಿತು. ಕಾಳನ್ ಏನೂ ಕೇಳದೆ ಎದ್ದು, ತನ್ನ ಬೈಕಿನ ಪೈಪು ಕಿತ್ತು, ಗ್ರೀಷ್ಮಳ ಬಾಟಲಿಯನ್ನು ಅದಕ್ಕೆ ಹಿಡಿದ. ಆಟೋ ಹೊರಟು ತಿರುವಿನಲ್ಲಿ ಮರೆಯಾಯಿತು, ಕೆಮ್ಮದೆ, ಚೆನ್ನಾಗಿಯೇ ಸದ್ದು ಮಾಡುತ್ತ. ಅವರು ತಲುಪುತ್ತಾರೆ. ತಾನು ಚೆಲ್ಲಿದ್ದಕ್ಕೇ ತಲುಪುತ್ತಾರೆ. ಈ ಲೋಕದಲ್ಲಿ ಇದನ್ನು ತಿಳಿದವನು ತಾನೊಬ್ಬನೇ ಎಂಬುದು ಅವನಿಗೆ ಸಮಾಧಾನ ಕೊಡಬೇಕಿತ್ತು. ಕೊಡಲಿಲ್ಲ. ಮಾಧವನ್ ಕಾಲು ಒಳಗಿಟ್ಟುಕೊಂಡ ರೀತಿಯೇ ಕಣ್ಣ ಮುಂದೆ ಬರುತ್ತಿತ್ತು.

ಜಗಲಿಗೆ ಬಂದು ಕೂತಾಗ ಹೆಂಡತಿ ಸೀತ ಕಾಫಿ ತಂದಳು. ಕೇಳದೆ ಕಾಫಿ ತರುವವಳಲ್ಲ ಅವಳು. ಅಡಿಗೆಮನೆಯ ಕಿಟಕಿಯಿಂದ ನೋಡಿದ್ದಳು. ಕಾರು ಓಡುವುದಿಲ್ಲವೆಂದು ಗೊತ್ತಿದ್ದವಳು ಅವಳೊಬ್ಬಳೇ. ಪೆಟ್ರೋಲು ಕೆಡುತ್ತದೆಂದು ಮಾತ್ರ ಗೊತ್ತಿರಲಿಲ್ಲ, ಅದೇನು ಹಾಲೇ ಕೆಡುವುದಕ್ಕೆ. ಅವನಿಗೆ ಈಗ ಹೇಳಬೇಕೆನ್ನಿಸಿತು. ಇವಳಾದರೂ ನಂಬುತ್ತಾಳೆ. ಲೋಟ ಕೆಳಗಿಟ್ಟು ಬಾಯಿ ತೆರೆಯುವಷ್ಟರಲ್ಲಿ ಅವಳು ಪಕ್ಕದಲ್ಲಿ ಕೂತು, ಗೋಡೆಯಾಚೆ ಯಾರಾದರೂ ಇದ್ದಾರೆಯೇ ಎಂದು ನೋಡಿ, ದನಿ ತಗ್ಗಿಸಿದಳು.

“ನೀವು ಕ್ಯಾನ್ ಹಿಡ್ಕಂಡು ಹೋದಾಗ ನನ್ ಹೊಟ್ಟೆ ಉರ್ದೋಯ್ತು. ಮೆಟ್ಲ ಮ್ಯಾಲೆ ನಿಂತು ವಂಡಿ ತೊಳ್ದು ಮಡ್ಗಿರು ಅಂದೋರ್‌ಗೆ ಬಾಯಾಕಿ ಎಳ್ದು ಕೊಡ್ತಾವ್ರಲ್ಲ, ಮಾನ ಇಲ್ವಾ ಇವ್ರಿಗೆ ಅಂದ್ಕಂಡೆ. ಅವ್ರ ಮುಂದ್ಗಡೆನೇ ಸುರುದ್ರಲ್ಲ, ಈಗ ನಂಗೆ ಸಮಾಧಾನ ಆಯ್ತು ನೋಡಿ.” ಅವಳು ಅವನ ತೊಡೆಯ ಮೇಲೆ ಕೈಯಿಟ್ಟಳು. ಅವಳು ಹಾಗೆ ಕೈಯಿಟ್ಟು ಎಷ್ಟೋ ಕಾಲವಾಗಿತ್ತು.

ಕರುಣಾಕರನ್ ಹೂಂ ಎಂದ. ಬಾಯಿಯ ಪೆಟ್ರೋಲಿನ ವಾಸನೆಗೆ ಕಾಫಿಯ ರುಚಿ ಏನೂ ತಿಳಿಯುತ್ತಿರಲಿಲ್ಲ, ಆದರೂ ಚೆನ್ನಾಗಿದೆ ಎಂದ. ಹೇಳಬೇಕೆಂದಿದ್ದ ಮಾತು ಹಾಗೆಯೇ ಉಳಿಯಿತು. ಅದನ್ನು ತಡೆದದ್ದು ನಾಚಿಕೆಯಲ್ಲ. ತೊಡೆಯ ಮೇಲಿನ ಆ ಕೈ, ಆ ಹೊಗಳಿಕೆ, ಎರಡೂ ಅವನಿಗೆ ನಿಜವಾಗಿಯೂ ಹಿತವಾಗಿದ್ದವು. ಅವಳು ಕೈ ತೆಗೆಯದಿರಲಿ ಎಂದು ಅವನು ಅಲುಗಾಡದೆ ಕೂತುಕೊಂಡ.